ಕಾರಿನ ಹೊಸ 12 ಇಂಚಿನ ಸಬ್‌ಗೆ (ಬೇಸ್‌ನ ಸಬ್‌ವೂಫರ್ ಸ್ಪೀಕರ್) ಹಳೆ ಆ್ಯಂಪ್ (ಆ್ಯಂಪ್ಲಿಫೈಯರ್) ಸಾಕಾ? ಏರಿಸಿದರೆ ಕೆಂಪು ಲೈಟ್ ಬರುತ್ತಿದೆ

ಕಾಫಿಕಣ
ಎಲ್ಲರಿಗೂ ನಮಸ್ಕಾರ. ನಾಪೋಕ್ಲು ಕಡೆಯವನು, ಗಾಡಿ ಹಳೆ ಡೀಸೆಲ್ ಸ್ವಿಫ್ಟ್. ಇಷ್ಟು ದಿನ ಡಿಕ್ಕಿಯಲ್ಲಿ 10 ಇಂಚಿನ ಸಬ್ ಇತ್ತು. ಒಂದೇ ಕಾಯಿಲ್ (ಕೋನ್ ಅಲ್ಲಾಡಿಸುವ ತಂತಿ ಸುರುಳಿ), 4 ಓಮ್ (ಕರೆಂಟ್‌ಗೆ ಒಡ್ಡುವ ತಡೆ, ಕಡಿಮೆಯಾದಷ್ಟೂ ಆ್ಯಂಪ್‌ಗೆ ಭಾರ), 200 ವ್ಯಾಟ್ ಆರ್‌ಎಂಎಸ್ (ಬಿಡದೆ ತಡೆಯುವ ಪವರ್). ನಾಲ್ಕು ಚಾನೆಲ್ ಆ್ಯಂಪ್‌ನ ಹಿಂದಿನ ಎರಡು ಚಾನೆಲ್ ಬ್ರಿಡ್ಜ್ ಮಾಡಿ, ಅಂದರೆ ಎರಡನ್ನೂ ಸೇರಿಸಿ ಒಂದೇ ದೊಡ್ಡ ಚಾನೆಲ್ ಮಾಡಿ, ಅದಕ್ಕೆ ಕೊಟ್ಟಿದ್ದೆ. ಮುಂದಿನ ಎರಡು ಬಾಗಿಲಿನ ಸ್ಪೀಕರ್‌ಗಳಿಗೆ. ಏನೂ ತಕರಾರು ಇರಲಿಲ್ಲ.

ಈ ಸಲ ಕರಿಮೆಣಸಿಗೆ ಒಳ್ಳೆ ರೇಟ್ ಸಿಕ್ಕಿತು, 12 ಇಂಚಿನದು ತಂದೆ. ಡಬ್ಬದ ಮೇಲೆ 1800 ವ್ಯಾಟ್ ಅಂತ ದಪ್ಪ ಅಕ್ಷರ. ಒಳಗಿನ ಹಾಳೆಯಲ್ಲಿ 500 ವ್ಯಾಟ್ ಆರ್‌ಎಂಎಸ್, ಎರಡು ಕಾಯಿಲ್, ಒಂದೊಂದೂ 4 ಓಮ್ ಎಂದಿದೆ. ಅಂಗಡಿಯವರೇ ಹೊಸ ಬಾಕ್ಸ್ ಸಮೇತ ಕೂರಿಸಿ ಕೊಟ್ಟರು. ಕಡಿಮೆ ವಾಲ್ಯೂಮ್‌ನಲ್ಲಿ ಚೆನ್ನಾಗಿದೆ. ಸ್ವಲ್ಪ ಏರಿಸಿದರೆ ಸಾಕು, ಆ್ಯಂಪ್‌ನ ಕೆಂಪು ಪ್ರೊಟೆಕ್ಟ್ ಲೈಟ್ ಹತ್ತಿ ಎಲ್ಲಾ ಬಂದ್. ಆ್ಯಂಪ್ ಮುಟ್ಟಿದರೆ ಕೈ ಸುಡುತ್ತದೆ. ಫೋನ್ ಮಾಡಿ ಕೇಳಿದರೆ "ನಿಮ್ಮ ಆ್ಯಂಪ್ ಸಣ್ಣದು ಸಾರ್, 3000 ವ್ಯಾಟಿನದು ಹಾಕಿ" ಎನ್ನುತ್ತಾರೆ.

ಆ್ಯಂಪ್ ಮೇಲೆ ಬರೆದಿರುವುದು: 4 ಓಮ್‌ಗೆ 75 ವ್ಯಾಟ್ × 4, 2 ಓಮ್‌ಗೆ 100 ವ್ಯಾಟ್ × 4, ಬ್ರಿಡ್ಜ್ ಮಾಡಿದರೆ 4 ಓಮ್‌ಗೆ 200 ವ್ಯಾಟ್ × 2. ಕ್ಲಾಸ್ ಎಬಿ (ಒಳಗಿನ ಸರ್ಕ್ಯೂಟಿನ ಬಗೆ). ಪಕ್ಕದಲ್ಲಿ 25 ಆಂಪಿಯರ್‌ನ ಎರಡು ಫ್ಯೂಸ್ ಇವೆ. ನಿಜವಾಗಿ ಹೊಸದು ಬೇಕಾ? ಬೇಕಾದರೆ ಎಷ್ಟು ವ್ಯಾಟಿನದು?

ಜಿಪ್ಸಿ ಮಾವ
ಬೇಕು. ಇದರಲ್ಲಿ ಕೇಳುವುದೇನಿದೆ? 500ರ ಸಬ್‌ಗೆ 200ರ ಆ್ಯಂಪ್ ಕೊಟ್ಟರೆ ಸಬ್ ಸುಟ್ಟು ಹೋಗುತ್ತದೆ.

ಏಲಕ್ಕಿಮಲೆ
1800 ವ್ಯಾಟ್ ಸಬ್‌ಗೆ 3000 ವ್ಯಾಟ್ ಆ್ಯಂಪಾ? ಸ್ವಿಫ್ಟ್ ಬಾಗಿಲು ಕಳಚಿ ಬೀಳುತ್ತದೆ 😄

ಕುಶಾಲನಗರ ವೈರಿಂಗ್
ಮಾವ, ಸ್ವಲ್ಪ ತಡೆಯಿರಿ. ಕಾಫಿಕಣ, ನೀವೂ ಈಗಲೇ ದುಡ್ಡು ಬಿಚ್ಚಬೇಡಿ.

ವ್ಯಾಟ್ ಕಡಿಮೆಯಾದರೆ ಪ್ರೊಟೆಕ್ಟ್ ಬರುವುದಿಲ್ಲ. ಸೌಂಡ್ ಕಡಿಮೆ ಬರುತ್ತದೆ, ಅಷ್ಟೆ. ಕೆಂಪು ಲೈಟ್, ಕೈ ಸುಡುವ ಬಿಸಿ, ಎರಡೂ ಸೇರಿದರೆ ಮೊದಲು ನೋಡಬೇಕಾದ್ದು ಓಮ್. ಸಬ್‌ನ ಎರಡು ಕಾಯಿಲ್ ಹೇಗೆ ಜೋಡಿಸಿದ್ದಾರೆ? ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್ ಸೇರಿಸಿದ್ದರೆ ಪ್ಯಾರಲಲ್. 4 ಮತ್ತು 4 ಪ್ಯಾರಲಲ್ ಆದರೆ 2 ಓಮ್. ಬ್ರಿಡ್ಜ್ ಮಾಡಿದ ಆ್ಯಂಪ್‌ನಲ್ಲಿ ಒಂದೊಂದು ಚಾನೆಲ್‌ಗೂ ಕಾಣುವುದು ಅದರ ಅರ್ಧ, ಅಂದರೆ 1 ಓಮ್. ನಿಮ್ಮ ಆ್ಯಂಪ್ ಚಾನೆಲ್‌ಗೆ 2 ಓಮ್‌ವರೆಗೆ ಮಾತ್ರ ತಡೆಯುತ್ತದೆ. ಅದಕ್ಕೇ ಬ್ರಿಡ್ಜ್‌ಗೆ 4 ಓಮ್ ಎಂದು ಮಾತ್ರ ಬರೆದಿದ್ದಾರೆ, 2 ಓಮ್ ಬರೆದೇ ಇಲ್ಲ. ಪಾಪ, ಅದು ತನ್ನ ಪ್ರಾಣ ಉಳಿಸಿಕೊಳ್ಳಲು ಆಫ್ ಆಗುತ್ತಿದೆ.

ಮಲ್ಟಿಮೀಟರ್ ಇದ್ದರೆ ಆ್ಯಂಪ್‌ನಿಂದ ಸಬ್ ವೈರ್ ಬಿಚ್ಚಿ ಓಮ್‌ನಲ್ಲಿ ಅಳೆಯಿರಿ. ಎಷ್ಟು ಬರುತ್ತದೆ ಹೇಳಿ.

ಕಾಫಿಕಣ
ಪಂಪ್‌ಸೆಟ್ ನೋಡಲು ಇಟ್ಟುಕೊಂಡ ಮೀಟರ್ ಇದೆ. ಈಗ ಅಳೆದೆ. 1.8 ತೋರಿಸುತ್ತದೆ.

ಕುಶಾಲನಗರ ವೈರಿಂಗ್
ಅಲ್ಲಿಗೆ ಗೊತ್ತಾಯಿತು, ಪ್ಯಾರಲಲ್ಲೇ.

ಏಲಕ್ಕಿಮಲೆ
1.8 ಬಂದರೆ 2 ಓಮ್ ಹೇಗೆ? ಮೀಟರ್ ಸರಿ ಇಲ್ಲವಾ?

ಬಾಣೆಮನೆ
ಮೀಟರ್ ಸರಿ ಇದೆ. ಮೀಟರ್ ತೋರಿಸುವುದು ಡಿಸಿ ರೆಸಿಸ್ಟೆನ್ಸ್. ಹಾಳೆಯಲ್ಲಿ ಬರೆಯುವುದು ಇಂಪಿಡೆನ್ಸ್ (ಹಾಡಿನ ಸಿಗ್ನಲ್‌ಗೆ ಸಿಗುವ ತಡೆ), ಅದೂ ನಾಮಿನಲ್, ಅಂದರೆ ಅಂದಾಜಿನದು. 4 ಓಮ್ ಸ್ಪೀಕರ್ ಅಳೆದರೆ 3.2ರಿಂದ 3.7ರ ಒಳಗೆ ಬರುವುದು ಮಾಮೂಲು. ಹಾಡು ಬರುವಾಗ ಇಂಪಿಡೆನ್ಸ್ ಫ್ರೀಕ್ವೆನ್ಸಿ ಪ್ರಕಾರ ಏರುತ್ತಾ ಇಳಿಯುತ್ತಾ ಇರುತ್ತದೆ. ಸಬ್‌ನ ರೆಸೊನೆನ್ಸ್ (ಕೋನ್ ತಾನಾಗಿ ಕಂಪಿಸುವ ಫ್ರೀಕ್ವೆನ್ಸಿ) ಹತ್ತಿರ ಹಲವು ಪಟ್ಟು ಜಾಸ್ತಿಯೂ ಆಗುತ್ತದೆ. ಕಡಿಮೆ ವಾಲ್ಯೂಮ್‌ನಲ್ಲಿ ಕರೆಂಟ್ ಕಡಿಮೆ, ಅದಕ್ಕೇ ಬಚಾವ್. ಏರಿಸಿದಾಗ ಸಿಕ್ಕಿಬೀಳುವುದು.

ಜಿಪ್ಸಿ ಮಾವ
ನೀವೆಲ್ಲ ಓಮ್ ಓಮ್ ಅಂತ ಭಜನೆ ಮಾಡಿ. ನಾನು ಕೇಳಿದ್ದಕ್ಕೆ ಉತ್ತರ ಕೊಡಿ. ಕಡಿಮೆ ಪವರ್ ಕೊಟ್ಟರೆ ಸಬ್ ಸುಡುತ್ತದೋ ಇಲ್ಲವೋ? ನನ್ನ ತಮ್ಮನ ಸಬ್ ಹಾಗೇ ಸುಟ್ಟಿದ್ದು.

ಕುಶಾಲನಗರ ವೈರಿಂಗ್
ಕಡಿಮೆ ಪವರ್‌ಗೆ ಯಾವ ಸಬ್ಬೂ ಸುಡುವುದಿಲ್ಲ ಮಾವ. ವಾಲ್ಯೂಮ್ ಅರ್ಧ ಇಟ್ಟು ಕೇಳುವಾಗ ಎಲ್ಲರ ಸಬ್‌ಗೂ ಕಡಿಮೆ ಪವರ್ರೇ ಹೋಗುವುದು, ಅಲ್ವಾ?

ಸುಡುವುದು ಕ್ಲಿಪ್ಪಿಂಗ್‌ಗೆ. ಆ್ಯಂಪ್ ಕೈಲಾಗದಷ್ಟು ಗೇನ್ (ಸಿಗ್ನಲ್ ಎಷ್ಟು ಏರಿಸಬೇಕು ಎಂಬ ಆ್ಯಂಪ್‌ನ ತಿರುಗಣೆ) ತಿರುಗಿಸಿದರೆ ಅಲೆಯ ಮೇಲ್ತುದಿ, ಕೆಳತುದಿ ಕತ್ತರಿಸಿದ ಹಾಗೆ ಚಪ್ಪಟೆಯಾಗುತ್ತವೆ. ಪೂರ್ತಿ ಚೌಕ ಆಯಿತು ಅಂದರೆ ಅಷ್ಟೇ ಎತ್ತರದ ಶುದ್ಧ ಅಲೆಗಿಂತ ಎರಡು ಪಟ್ಟು ಪವರ್ ಹೋಗುತ್ತದೆ. 200 ವ್ಯಾಟಿನ ಆ್ಯಂಪ್ ಆಗ 400ರ ತನಕ ದೂಡಬಹುದು. 200 ವ್ಯಾಟಿನ ಸಬ್ ಇದ್ದರೆ ಅದರ ಕತೆ ಮುಗಿಯಿತು. 500 ವ್ಯಾಟಿನದು ತಡೆದುಕೊಳ್ಳುತ್ತದೆ. ನಿಮ್ಮ ತಮ್ಮನ ಸಬ್ ಎಷ್ಟರದು, ಗೇನ್ ಎಲ್ಲಿತ್ತು?

ಜಿಪ್ಸಿ ಮಾವ
ಗೇನ್ ಫುಲ್ ಇತ್ತು. ಬೇಸ್ ಬೂಸ್ಟೂ ಫುಲ್.

ಏಲಕ್ಕಿಮಲೆ
😂😂

ಜಿಪ್ಸಿ ಮಾವ
ನಗಬೇಡ ಮಾರಾಯ. ಅವನಿಗೂ ಅಂಗಡಿಯವರೇ ಹಾಗೆ ಇಟ್ಟು ಕೊಟ್ಟಿದ್ದು.

ಮಡಿಕೇರಿ ಮಂಜು
ಸರಿ, ಪ್ಯಾರಲಲ್ ಬೇಡ. ಸೀರೀಸ್ ಮಾಡಿದರೆ? ಒಂದರ ಮೈನಸ್ ಇನ್ನೊಂದರ ಪ್ಲಸ್‌ಗೆ. 8 ಓಮ್ ಆಗುತ್ತದೆ, ಆ್ಯಂಪ್ ತಣ್ಣಗಿರುತ್ತದೆ.

ಕುಶಾಲನಗರ ವೈರಿಂಗ್
ತಣ್ಣಗಿರುತ್ತದೆ ನಿಜ. ಸೌಂಡೂ ತಣ್ಣಗಾಗುತ್ತದೆ. ಬ್ರಿಡ್ಜ್‌ಗೆ 8 ಓಮ್ ಅಂದರೆ ಚಾನೆಲ್‌ಗೆ 4 ಓಮ್. 75 ಮತ್ತು 75, ಒಟ್ಟು 150 ವ್ಯಾಟ್. ಹಳೆ 10 ಇಂಚಿಗೆ ಹೋಗುತ್ತಿದ್ದದ್ದು 200. ಹೊಸ ಸಬ್ ಹಾಕಿ ಪವರ್ ಇಳಿಸಿದ ಹಾಗಾಯಿತು.

ಅಂಗಡಿಯವರು ಆ್ಯಂಪ್ ಕೇಳಿಕೊಂಡು ಒಂದೊಂದು ಕಾಯಿಲ್ 2 ಓಮ್ ಇರುವ ಸಬ್ ಕೊಟ್ಟಿದ್ದರೆ ಗಲಾಟೆಯೇ ಇರಲಿಲ್ಲ. ಅದನ್ನು ಸೀರೀಸ್ ಮಾಡಿದರೆ 4 ಓಮ್, ಬ್ರಿಡ್ಜ್‌ಗೆ ಸರಿಯಾಗಿ 200. ವಾಪಸ್ ತಗೊಳ್ಳುತ್ತಾರಾ ಕೇಳಿ ನೋಡಿ.

ಕಾಫಿಕಣ
ಕೇಳಿದೆ. ಸ್ಕ್ರೂ ಹಾಕಿದ ಮಾಲು ವಾಪಸ್ ಇಲ್ಲವಂತೆ. 3000 ವ್ಯಾಟಿನ ಆ್ಯಂಪ್‌ಗೆ ಡಿಸ್ಕೌಂಟ್ ಕೊಡುತ್ತಾರಂತೆ.

ಸೋಮವಾರಪೇಟೆ ಎಕ್ಸ್‌ಪ್ರೆಸ್
ಆ 3000ದ ಆ್ಯಂಪ್‌ನ ಫ್ಯೂಸ್ ಎಷ್ಟು ಅಂತ ಕೇಳಿ. ಡಬ್ಬದ ಮೇಲಿನ ನಂಬರ್ ಏನು ಬೇಕಾದರೂ ಬರೆಯಬಹುದು, ಫ್ಯೂಸ್ ಸುಳ್ಳು ಹೇಳುವುದಿಲ್ಲ. ಫ್ಯೂಸ್ ಆಂಪಿಯರನ್ನು 13.8 ವೋಲ್ಟ್‌ನಿಂದ ಗುಣಿಸಿ. ಕ್ಲಾಸ್ ಡಿ ಆದರೆ ಅದರಲ್ಲಿ ಸುಮಾರು 80 ಪರ್ಸೆಂಟ್, ಕ್ಲಾಸ್ ಎಬಿ ಆದರೆ 55 ಪರ್ಸೆಂಟ್ ಆಸುಪಾಸು ತಗೊಳ್ಳಿ. ಅದಕ್ಕಿಂತ ಜಾಸ್ತಿ ಆರ್‌ಎಂಎಸ್ ಅಂದರೆ ನಂಬಬೇಡಿ.

ನಿಮ್ಮ ಹಳೇದನ್ನೇ ನೋಡಿ. 50 × 13.8 = 690. ಅದರ 55 ಪರ್ಸೆಂಟ್ ಸುಮಾರು 380. ಬರೆದಿರುವುದು 200 × 2. ಹೆಚ್ಚು ಕಡಿಮೆ ತಾಳೆಯಾಗುತ್ತದೆ. ಯಾರೋ ಪ್ರಾಮಾಣಿಕರು ಮಾಡಿದ ಆ್ಯಂಪ್ ಅದು, ಮಾರಬೇಡಿ.

ಕಾಫಿಕಣ
3000 ವ್ಯಾಟಿನ ಮೊನೋ (ಒಂದೇ ಚಾನೆಲ್‌ನ) ಆ್ಯಂಪ್‌ನ ಫೋಟೋ ಕಳಿಸಿದರು. 30 ಆಂಪಿಯರ್‌ನ ಒಂದೇ ಫ್ಯೂಸ್.

ಸೋಮವಾರಪೇಟೆ ಎಕ್ಸ್‌ಪ್ರೆಸ್
ಕ್ಲಾಸ್ ಡಿ ಅಂತಲೇ ಇಟ್ಟುಕೊಳ್ಳಿ. 30 × 13.8 × 0.8. ಸುಮಾರು 330 ವ್ಯಾಟ್. 3000ದಲ್ಲಿ ಒಂದು ಸೊನ್ನೆ ಜಾಸ್ತಿಯಾಗಿದೆ ಅಷ್ಟೆ.

ಮಡಿಕೇರಿ ಮಂಜು
ಮಡಿಕೇರಿ ದಸರಾ ಮೆರವಣಿಗೆಯ ಮಂಟಪದ ಸೌಂಡ್ ಬಾಕ್ಸ್‌ನವರೂ ಹೀಗೇ. "ಈ ಸಲ ನಮ್ಮದು ಒಂದು ಲಕ್ಷ ವ್ಯಾಟ್" ಅಂತಾರೆ. ಟ್ರ್ಯಾಕ್ಟರ್ ಹಿಂದೆ ಎಳೆದುಕೊಂಡು ಬರುವ ಜನರೇಟರ್ ನೋಡಿದರೆ ಗೊತ್ತಾಗುತ್ತದೆ ಎಷ್ಟು ಅಂತ.

ಏಲಕ್ಕಿಮಲೆ
ಮಂಜಣ್ಣ, ಮಂಟಪದ ಸೌಂಡ್ ಬಗ್ಗೆ ಮಾತಾಡಬೇಡಿ. ವಿಜಯದಶಮಿ ರಾತ್ರಿ ನಮ್ಮ ಅಜ್ಜಿಯ ಮನೆಯಲ್ಲಿ ಕಿಟಕಿ ಗಾಜು ಬೆಳಗಿನ ತನಕ ನಡುಗುತ್ತದೆ. ಆದರೂ ಹತ್ತು ಮಂಟಪ ನೋಡದಿದ್ದರೆ ಅಜ್ಜಿಗೆ ಸಮಾಧಾನ ಇಲ್ಲ.

ಬಾಣೆಮನೆ
ಅಲ್ಲಿಯ ಬಾಕ್ಸ್‌ಗಳು ಹೆಚ್ಚಾಗಿ 8 ಓಮ್. ಅವರಿಗೆ 230 ವೋಲ್ಟ್ ಇದೆ, ನಡೆಯುತ್ತದೆ. ಕಾರಿನಲ್ಲಿ ಇರುವುದು 14 ವೋಲ್ಟ್. ಅದನ್ನು ಆ್ಯಂಪ್ ಒಳಗೇ ಏರಿಸಿಕೊಳ್ಳಬೇಕು. ಹಾಗಾಗಿ ಕಾರ್ ಸಬ್‌ಗಳು ಕಡಿಮೆ ಓಮ್. ಎರಡನ್ನೂ ಬೆರೆಸಬೇಡಿ.

ಈಗ ಮುಖ್ಯ ವಿಷಯ. ಕಾಫಿಕಣ, ನಿಮ್ಮ ಆ್ಯಂಪ್‌ನಲ್ಲಿ ನಾಲ್ಕು ಚಾನೆಲ್ ಇದೆ, ಬ್ರಿಡ್ಜ್ ಮಾಡಿದರೆ 200 × 2. ನಿಮ್ಮ ಸಬ್‌ನಲ್ಲಿ 4 ಓಮ್‌ನ ಎರಡು ಕಾಯಿಲ್. ಮುಂದಿನ ಜೋಡಿ ಬ್ರಿಡ್ಜ್ ಮಾಡಿ ಒಂದು ಕಾಯಿಲ್‌ಗೆ, ಹಿಂದಿನ ಜೋಡಿ ಬ್ರಿಡ್ಜ್ ಮಾಡಿ ಇನ್ನೊಂದು ಕಾಯಿಲ್‌ಗೆ ಕೊಟ್ಟರೆ? ಎರಡೂ ಕಡೆ 4 ಓಮ್, ಆ್ಯಂಪ್‌ಗೆ ಆರಾಮ. ಒಟ್ಟು 400 ವ್ಯಾಟ್. ಕೈಯಿಂದ ಒಂದು ರೂಪಾಯಿ ಖರ್ಚಿಲ್ಲ.

ಕುಶಾಲನಗರ ವೈರಿಂಗ್
ಅಯ್ಯೋ ಹೌದಲ್ಲ! ಬಾಣೆಮನೆಯವರೇ, ಇದು ನನ್ನ ತಲೆಗೆ ಹೊಳೆಯಲಿಲ್ಲ.

ಜಿಪ್ಸಿ ಮಾವ
500ಕ್ಕೆ 400 ಸಾಕಾ? ಇನ್ನೂ 100 ಕಡಿಮೆ ಬಿತ್ತಲ್ಲ.

ಬಾಣೆಮನೆ
ಕಿವಿಗೆ ಆ 100 ಗೊತ್ತೇ ಆಗುವುದಿಲ್ಲ ಮಾವ. 400ರಿಂದ 500ಕ್ಕೆ ಹೋದರೆ ಹೆಚ್ಚುವುದು ಸುಮಾರು 1 ಡೆಸಿಬಲ್. ಪವರ್ ಎರಡು ಪಟ್ಟು ಮಾಡಿದರೂ ಸಿಗುವುದು 3 ಡೆಸಿಬಲ್. ಕೇಳುವವರಿಗೆ ಸೌಂಡ್ ಎರಡು ಪಟ್ಟು ಅನ್ನಿಸಬೇಕಾದರೆ 10 ಡೆಸಿಬಲ್ ಬೇಕು, ಅಂದರೆ ಹತ್ತು ಪಟ್ಟು ಪವರ್. ಸಬ್‌ನ ಆರ್‌ಎಂಎಸ್‌ಗೆ ಮುಕ್ಕಾಲು ಪಾಲಿನಿಂದ ಒಂದೂಕಾಲು ಪಾಲಿನ ಒಳಗೆ ಆ್ಯಂಪ್ ಇದ್ದರೆ ಚಿಂತೆ ಬೇಡ. 500ಕ್ಕೆ 375ರಿಂದ 625.

ಗೋಣಿಕೊಪ್ಪ ಗಾಡಿ
ಎಲ್ಲರೂ ಖುಷಿಯಲ್ಲಿ ಒಂದು ಮಾತು ಮರೆತಿದ್ದೀರಿ. ಅಂಗಡಿಯವರು ಎರಡು ಕಾಯಿಲ್ ಸೇರಿಸಿದ ಜಂಪರ್ ವೈರ್ ಮೊದಲು ಕಿತ್ತು ಹಾಕಿ. ಅದು ಇದ್ದಂತೆಯೇ ಎರಡೂ ಜೋಡಿ ಹಚ್ಚಿದರೆ ಆ್ಯಂಪ್‌ನ ಎರಡು ಔಟ್‌ಪುಟ್ ಒಂದಕ್ಕೊಂದು ಮುಟ್ಟುತ್ತವೆ. ಪ್ರೊಟೆಕ್ಟ್ ಕೆಲಸ ಮಾಡಿದರೆ ಅದೃಷ್ಟ. ಇಲ್ಲದಿದ್ದರೆ ಹೊಗೆ.

ಕಿತ್ತ ಮೇಲೆ ಮೀಟರ್‌ನಲ್ಲಿ ಒಂದೊಂದು ಕಾಯಿಲ್ ಬೇರೆ ಬೇರೆ ಅಳೆಯಿರಿ. ಎರಡೂ 3.5ರ ಸುತ್ತ ಬರಬೇಕು. ಒಂದು ಕಾಯಿಲ್‌ನಿಂದ ಇನ್ನೊಂದಕ್ಕೆ ಅಳೆದರೆ ಏನೂ ತೋರಿಸಬಾರದು.

ಆಮೇಲೆ ಪೊಲಾರಿಟಿ. ಒಂದು ಕಾಯಿಲ್ ಉಲ್ಟಾ ಕೊಟ್ಟರೆ ಒಂದು ಮುಂದೆ ತಳ್ಳುತ್ತದೆ, ಒಂದು ಹಿಂದೆ ಎಳೆಯುತ್ತದೆ. ಕೋನ್ ಅಲ್ಲಾಡುವುದೇ ಇಲ್ಲ, ಕಾಯಿಲ್ ಮಾತ್ರ ಒಳಗೇ ಕಾಯುತ್ತಾ ಇರುತ್ತದೆ. ಗೋಡೆ ಗಡಿಯಾರದ ಸಣ್ಣ ಸೆಲ್ ತಗೊಂಡು ಒಂದೊಂದು ಕಾಯಿಲ್‌ಗೂ ಒಂದು ಕ್ಷಣ ಮುಟ್ಟಿಸಿ. ಪ್ಲಸ್‌ಗೆ ಪ್ಲಸ್ ಮುಟ್ಟಿಸಿದಾಗ ಎರಡರಲ್ಲೂ ಕೋನ್ ಹೊರಗೆ ಬರಬೇಕು.

ಕಾಫಿಕಣ
ಇದು ಮಾಡಬಹುದು ಅನ್ನಿಸುತ್ತದೆ. ಆದರೆ ಆಗ ಬಾಗಿಲಿನ ಸ್ಪೀಕರ್ ಏನು ಮಾಡಲಿ? ಅವಕ್ಕೆ ಆ್ಯಂಪ್ ಇರುವುದಿಲ್ಲವಲ್ಲ.

ಬಾಣೆಮನೆ
ಸದ್ಯಕ್ಕೆ ಸ್ಟೀರಿಯೊದಿಂದ ನೇರ. ಮುಂದೆ ದುಡ್ಡಾದಾಗ ಮೊನೋ ಆ್ಯಂಪ್ ತಂದು ಸಬ್‌ಗೆ ಕೊಡಿ, ಇದನ್ನು ಬಾಗಿಲುಗಳಿಗೆ ವಾಪಸ್ ಕೊಡಿ. ಸ್ಟೀರಿಯೊ ಮೇಲೆ 50 × 4 ಎಂದಿರುತ್ತದೆ, ಅದನ್ನೂ ನಂಬಬೇಡಿ. 14.4 ವೋಲ್ಟ್‌ನಲ್ಲಿ 4 ಓಮ್‌ಗೆ ಶುದ್ಧವಾಗಿ ಲೆಕ್ಕದ ಪ್ರಕಾರವೇ 26 ವ್ಯಾಟ್ ದಾಟುವುದಿಲ್ಲ. ಕೈಗೆ ಸಿಗುವುದು 20ರ ಆಸುಪಾಸು. ಸ್ಟೀರಿಯೊದಲ್ಲಿ ಬಾಗಿಲುಗಳಿಗೆ 80 ಹರ್ಟ್ಜ್ ಹೈಪಾಸ್ (ಅದಕ್ಕಿಂತ ಕೆಳಗಿನ ಬೇಸ್ ತಡೆಯುವ ಫಿಲ್ಟರ್) ಹಾಕಿ. ಬೇಸ್ ಭಾರ ಕಡಿಮೆಯಾದರೆ ಆ 20 ವ್ಯಾಟ್‌ನಲ್ಲೇ ಚೆನ್ನಾಗಿ ಕೇಳಿಸುತ್ತದೆ.

ಮಳೆಗಾಲ
ನಡುವೆ ಬಾಯಿ ಹಾಕುತ್ತೇನೆ. ಬಾಕ್ಸ್ ಯಾವುದರದ್ದು? ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಆಗಿದ್ದರೆ ಜುಲೈ ಬರಲಿ, ಅಂಚು ಉಬ್ಬಿ ಬಿಸ್ಕತ್ ಆಗುತ್ತದೆ. ನಮ್ಮ ಭಾಗಮಂಡಲ ಕಡೆ ಶೆಡ್‌ನಲ್ಲಿ ನಿಲ್ಲಿಸಿದ ಗಾಡಿಯೊಳಗೂ ಮಳೆಗಾಲದಲ್ಲಿ ಬೂಷ್ಟು ಬರುತ್ತದೆ. ಪೇಪರ್ ಕೋನ್ ಇದ್ದರೆ ಅದರ ಮೇಲೂ ಬಿಳಿ ಕಲೆ. ವಾಟರ್‌ಪ್ರೂಫ್ ಪ್ಲೈವುಡ್‌ನಲ್ಲೇ ಬಾಕ್ಸ್ ಮಾಡಿಸಿ, ಒಳಗೂ ವಾರ್ನಿಷ್ ಹೊಡೆಸಿ.

ಕಾಫಿಕಣ
ಎಂಡಿಎಫ್‌ದೇ ಕೊಟ್ಟಿದ್ದಾರೆ 😐 ಹೊರಗೆ ಕಾರ್ಪೆಟ್ ಅಂಟಿಸಿದ್ದಾರೆ. ಪೋರ್ಟ್ (ಗಾಳಿ ಕಿಂಡಿ) ಇಲ್ಲ, ಸೀಲ್ಡ್.

ಮಳೆಗಾಲ
ಕಾರ್ಪೆಟ್ ನೀರು ಕುಡಿಯುತ್ತದೆ. ಡಿಕ್ಕಿ ಬೀಡಿಂಗ್‌ನಲ್ಲಿ ಲೀಕ್ ಇದೆಯಾ ನೋಡಿಕೊಳ್ಳಿ. ಸೀಲ್ಡ್ ಆಗಿದ್ದು ಒಳ್ಳೆಯದೇ ಆಯಿತು. 12 ಇಂಚಿಗೆ ಸಾಮಾನ್ಯವಾಗಿ 1 ಕ್ಯೂಬಿಕ್ ಅಡಿ, ಅಂದರೆ 28 ಲೀಟರ್ ಸುತ್ತ ಸಾಕಾಗುತ್ತದೆ. ಸ್ವಿಫ್ಟ್ ಡಿಕ್ಕಿಯಲ್ಲಿ ಗೊಬ್ಬರದ ಚೀಲಕ್ಕೂ ಜಾಗ ಉಳಿಯುತ್ತದೆ.

ಗೋಣಿಕೊಪ್ಪ ಗಾಡಿ
ಇನ್ನೊಂದು ಕಾಟ ಇಲಿ. ತೋಟದ ಮನೆಯಲ್ಲಿ ಗಾಡಿ ನಿಲ್ಲಿಸುವವರು ಬಾನೆಟ್‌ನಿಂದ ಬರುವ ಪವರ್ ವೈರ್‌ಗೆ ಫ್ಲೆಕ್ಸಿಬಲ್ ಪೈಪ್ ಹಾಕಲೇಬೇಕು. ಮೇಲಿನ ರಬ್ಬರ್ ಕಡಿದು ಬಾಡಿಗೆ ತಾಗಿತು ಅಂದರೆ ಬ್ಯಾಟರಿ ಹತ್ತಿರದ ಫ್ಯೂಸ್ ಒಂದೇ ಗತಿ. ಕಾಫಿಕಣ, ನಿಮ್ಮ ಫ್ಯೂಸ್ ಎಲ್ಲಿದೆ?

ಕಾಫಿಕಣ
ಆ್ಯಂಪ್ ಪಕ್ಕದಲ್ಲಿ, ಡಿಕ್ಕಿಯಲ್ಲಿ.

ಗೋಣಿಕೊಪ್ಪ ಗಾಡಿ
ಅದು ಆ್ಯಂಪ್‌ನ ಫ್ಯೂಸ್. ವೈರ್ ಉಳಿಸುವ ಫ್ಯೂಸ್ ಬ್ಯಾಟರಿಯಿಂದ 45 ಸೆಂಟಿಮೀಟರ್ ಒಳಗೆ ಇರಬೇಕು. ಬ್ಯಾಟರಿಯಿಂದ ಡಿಕ್ಕಿ ತನಕ ವೈರ್ ಎಲ್ಲಿ ಶಾರ್ಟ್ ಆದರೂ ಈಗ ಕಡಿದು ಹಾಕುವವರು ಯಾರೂ ಇಲ್ಲ. ಬೆಂಕಿ ಹತ್ತುವುದು ಹೀಗೆಯೇ. ಬೇರೆ ಎಲ್ಲಾ ಆಮೇಲೆ, ಇದು ನಾಳೆಯೇ ಮಾಡಿ. 60 ಆಂಪಿಯರ್ ಸಾಕು, ವೈರ್ ಅದಕ್ಕೆ ತಕ್ಕದ್ದಿದ್ದರೆ. ವೈರ್ ಎಷ್ಟು ಗೇಜ್ (ದಪ್ಪದ ಅಳತೆ, ನಂಬರ್ ಕಡಿಮೆಯಾದಷ್ಟೂ ವೈರ್ ದಪ್ಪ)?

ಕಾಫಿಕಣ
ವೈರ್ ಮೇಲೆ 8 ಎಂದಿದೆ. ತುದಿ ಬಿಳಿ ಬಣ್ಣ.

ಸೋಮವಾರಪೇಟೆ ಎಕ್ಸ್‌ಪ್ರೆಸ್
ಒಂದು ಎಳೆ ಕತ್ತರಿಸಿ ಒಳಗೆ ನೋಡಿ. ಒಳಗೂ ಬಿಳಿ ಆದರೆ ಅಲ್ಯೂಮಿನಿಯಂ. ಒಳಗೆ ಕೆಂಪಾದರೆ ತಾಮ್ರಕ್ಕೆ ತವರ ಹಚ್ಚಿದ್ದು, ಅದು ಒಳ್ಳೆಯದು. ನಮ್ಮ ಮಳೆಗೆ ಅದೇ ಸರಿ.

ಲೆಕ್ಕ ಹೇಳುತ್ತೇನೆ. ಬ್ಯಾಟರಿಯಿಂದ ಡಿಕ್ಕಿಗೆ 5 ಮೀಟರ್, 50 ಆಂಪಿಯರ್ ಅಂತ ಇಟ್ಟುಕೊಳ್ಳಿ. 8 ಗೇಜ್ ತಾಮ್ರದಲ್ಲಿ ಅರ್ಧ ವೋಲ್ಟ್ ದಾರಿಯಲ್ಲೇ ಹೋಗುತ್ತದೆ. ಅಲ್ಯೂಮಿನಿಯಂ ತುಂಬಿದ್ದಾದರೆ ಮುಕ್ಕಾಲು ವೋಲ್ಟ್ ಮೇಲೆ. 4 ಗೇಜ್ ತಾಮ್ರದಲ್ಲಿ 0.2 ವೋಲ್ಟ್. 400 ವ್ಯಾಟ್ ಬೇಕಾದರೆ 4 ಗೇಜ್ ತಾಮ್ರ ಹಾಕಿ. ನೆಗೆಟಿವ್ ವೈರೂ ಅಷ್ಟೇ ದಪ್ಪ, ಆದಷ್ಟು ಗಿಡ್ಡ. ಬಾಡಿಯ ಪೇಂಟ್ ಕೆರೆದು ಬೋಲ್ಟ್ ಬಿಗಿ ಮಾಡಿ, ಆಮೇಲೆ ಮೇಲಿಂದ ವ್ಯಾಸಲೀನ್ ಹಚ್ಚಿ. ಇಲ್ಲದಿದ್ದರೆ ಒಂದು ಮಳೆಗಾಲಕ್ಕೆ ತುಕ್ಕು.

ಜಿಪ್ಸಿ ಮಾವ
ಒಂದು ಕೆಪಾಸಿಟರ್ ಹಾಕಿದರೆ ಇದೆಲ್ಲಾ ಬೇಡ. ನನ್ನದರಲ್ಲಿ 1 ಫ್ಯಾರಡ್ ಇದೆ. ನೀಲಿ ಲೈಟ್ ಬರುತ್ತದೆ, ವೋಲ್ಟೇಜೂ ತೋರಿಸುತ್ತದೆ.

ಬಾಣೆಮನೆ
ನೀಲಿ ಲೈಟ್ ಚೆನ್ನಾಗಿದೆ ಮಾವ, ಒಪ್ಪಿದೆ. ಆದರೆ 1 ಫ್ಯಾರಡ್ ಕೆಪಾಸಿಟರ್ 14 ವೋಲ್ಟ್‌ನಿಂದ 12ಕ್ಕೆ ಇಳಿಯುವಾಗ ಕೊಡುವುದು 26 ಜೌಲ್. ಈ ಆ್ಯಂಪ್ ಫುಲ್ ಸೌಂಡ್‌ನಲ್ಲಿ ಎಳೆಯುವುದು 700 ವ್ಯಾಟ್. ಒಂದು ಸೆಕೆಂಡಿನ 25ನೇ ಒಂದು ಭಾಗಕ್ಕೇ ಖಾಲಿ. ಖಾಲಿಯಾದದ್ದನ್ನು ತುಂಬಿಸುವುದೂ ಅದೇ ಆಲ್ಟರ್ನೇಟರ್.

ಜಿಪ್ಸಿ ಮಾವ
ಲೆಕ್ಕ ನಿಮ್ಮದು, ಕಿವಿ ನನ್ನದು. ಕೆಪಾಸಿಟರ್ ಹಾಕಿದ ಮೇಲೆ ಹೆಡ್‌ಲೈಟ್ ಮಿಣುಕುವುದು ನಿಂತಿದೆ.

ಕುಶಾಲನಗರ ವೈರಿಂಗ್
ಮಾವ, ಆಗಲೇ ಬ್ಯಾಟರಿ ಟರ್ಮಿನಲ್ಲೂ ಹೊಸದು ಹಾಕಿಸಿದ್ದಿರಿ. ನಾನೇ ಹಾಕಿ ಕೊಟ್ಟದ್ದು.

ಜಿಪ್ಸಿ ಮಾವ
ಅದೂ ಇರಬಹುದು.

ಏಲಕ್ಕಿಮಲೆ
ಈ ಥ್ರೆಡ್ ಓದಿ ನನ್ನ ಗಾಡಿಯ ಗೇನ್ ನೋಡಿದೆ. ಮುಕ್ಕಾಲು ತಿರುಗಿಸಿದ್ದಾರೆ. ಗೇನ್ ಎಷ್ಟಿಡಬೇಕು, ಒಂದು ನಂಬರ್ ಹೇಳಿ.

ಬಾಣೆಮನೆ
ಗೇನ್ ವಾಲ್ಯೂಮ್ ಅಲ್ಲ. ಸ್ಟೀರಿಯೊದಿಂದ ಬರುವ ಸಿಗ್ನಲ್‌ಗೆ ಆ್ಯಂಪನ್ನು ಹೊಂದಿಸುವುದು ಅದು. ಅರ್ಧ, ಮುಕ್ಕಾಲು ಅಂತ ಯಾರೂ ಹೇಳಲು ಬರುವುದಿಲ್ಲ.

ವ್ಯಾಟನ್ನು ಓಮ್‌ನಿಂದ ಗುಣಿಸಿ ವರ್ಗಮೂಲ ತೆಗೆಯಿರಿ. ಕಾಫಿಕಣ ಅವರಿಗೆ 200 × 4 = 800, ವರ್ಗಮೂಲ 28.3. ಸಬ್ ವೈರ್ ಬಿಚ್ಚಿ, ಬೇಸ್ ಬೂಸ್ಟ್ ಸೊನ್ನೆ ಮಾಡಿ, ಈಕ್ವಲೈಜರ್ ಚಪ್ಪಟೆ ಇಟ್ಟು, 50 ಹರ್ಟ್ಜ್‌ನ ಟೆಸ್ಟ್ ಟೋನ್ ಹಾಕಿ, ಸ್ಟೀರಿಯೊ ವಾಲ್ಯೂಮ್ ಮುಕ್ಕಾಲಿಗೆ ಇಡಿ. ಮೀಟರ್ ಎಸಿ ವೋಲ್ಟ್‌ನಲ್ಲಿಟ್ಟು ಬ್ರಿಡ್ಜ್ ಟರ್ಮಿನಲ್‌ನಲ್ಲಿ ಅಳೆಯುತ್ತಾ 28.3 ವೋಲ್ಟ್ ಬರುವ ತನಕ ಗೇನ್ ನಿಧಾನ ಏರಿಸಿ. ಮನೆ ಕರೆಂಟೂ 50 ಹರ್ಟ್ಜ್ ಆದ್ದರಿಂದ ಅಗ್ಗದ ಮೀಟರ್ ಕೂಡ ಅದನ್ನು ಸರಿಯಾಗಿ ತೋರಿಸುತ್ತದೆ.

ಸೋಮವಾರಪೇಟೆ ಎಕ್ಸ್‌ಪ್ರೆಸ್
ಸಣ್ಣ ತಿದ್ದುಪಡಿ. ಸಬ್ ಬಿಚ್ಚಿಟ್ಟು ಅಳೆದಾಗ 28 ವೋಲ್ಟ್ ಸಲೀಸಾಗಿ ಬರುತ್ತದೆ. ಸಬ್ ಹಚ್ಚಿ ಬ್ಯಾಟರಿ ವೋಲ್ಟೇಜ್ ಕುಸಿದಾಗ ಅದೇ ಜಾಗದಲ್ಲಿ ಕ್ಲಿಪ್ ಆಗಬಹುದು. 26ಕ್ಕೆ ನಿಲ್ಲಿಸಿ. ಇಂಜಿನ್ ಸ್ಟಾರ್ಟ್ ಇಟ್ಟೇ ಅಳೆಯಿರಿ.

ಬಾಣೆಮನೆ
ಒಪ್ಪಿದೆ, 26 ಇರಲಿ. ಎರಡೂ ಜೋಡಿ ಒಂದೇ ಇರಬೇಕು, ಅದು ಮುಖ್ಯ. ಲೋಪಾಸ್ (ಬೇಸ್‌ಗಿಂತ ಮೇಲಿನ ಸ್ವರ ತಡೆಯುವ ಫಿಲ್ಟರ್) ಕೂಡ ಎರಡರಲ್ಲೂ 80ಕ್ಕೆ. ಮುಂದಿನ ಜೋಡಿಯ ಸ್ವಿಚ್ ಈಗ ಹೈಪಾಸ್‌ನಲ್ಲಿ ಇರುತ್ತದೆ, ಅದನ್ನು ಬದಲಿಸಲು ಮರೆಯಬೇಡಿ. ಕೆಲವು ಆ್ಯಂಪ್‌ಗಳಲ್ಲಿ ಮುಂದಿನ ಚಾನೆಲ್‌ಗೆ ಲೋಪಾಸ್ ಇರುವುದೇ ಇಲ್ಲ. ಹಾಗಿದ್ದರೆ ಎರಡನ್ನೂ ಫುಲ್‌ನಲ್ಲಿಟ್ಟು ಸ್ಟೀರಿಯೊದ ಸಬ್ ಲೋಪಾಸನ್ನೇ ಬಳಸಿ. ಸಬ್ ಔಟ್‌ನಿಂದ ವೈ ಕೇಬಲ್ ಹಾಕಿ ಎರಡೂ ಜೋಡಿಗೆ ಸಿಗ್ನಲ್ ಕೊಡಿ.

ತಿತಿಮತಿ ಟಸ್ಕರ್
ಇಷ್ಟೆಲ್ಲಾ ಬೇಸ್ ಹಾಕಿಕೊಂಡು ಸಂಜೆ ನಮ್ಮ ರಸ್ತೆಯಲ್ಲಿ ಬರಬೇಡಿ ಮಾರಾಯ್ರೆ. ಬೇಲಿಯೊಳಗೆ ಬಿದಿರು ಮುರಿಯುವ ಸದ್ದು ಕೇಳಬೇಕು ಇಲ್ಲಿ. ಗ್ಲಾಸ್ ಏರಿಸಿ ಡಮ್ ಡಮ್ ಅಂತ ಬಂದವರು ತಿರುವಿನಲ್ಲಿ ಆನೆ ಮುಂದೆ ಬಂದು ನಿಂತಿದ್ದನ್ನು ನೋಡಿದ್ದೇನೆ.

ಮಡಿಕೇರಿ ಮಂಜು
ಆನೆಗಳು 20 ಹರ್ಟ್ಜ್‌ಗಿಂತ ಕೆಳಗೆ, ನಮ್ಮ ಕಿವಿಗೆ ಕೇಳದ ಸ್ವರದಲ್ಲಿ ಮಾತಾಡುತ್ತವೆ ಅಂತ ಓದಿದ್ದೆ. ನಿಜವಾ?

ತಿತಿಮತಿ ಟಸ್ಕರ್
ನಿಜ. ದೂರದ ಗುಂಪಿಗೂ ಅದು ಕೇಳಿಸುತ್ತದೆ. ಹತ್ತಿರ ಇದ್ದರೆ ಎದೆಯೊಳಗೆ ಗುಮ್ ಅಂದ ಹಾಗೆ ಆಗುತ್ತದೆ.

ಏಲಕ್ಕಿಮಲೆ
ಹಾಗಾದರೆ ಸಬ್‌ಸಾನಿಕ್ ಫಿಲ್ಟರ್ (ತೀರಾ ಕೆಳಗಿನ ಸ್ವರ ತಡೆಯುವುದು) 25ಕ್ಕೆ ಇಡಿ. ನಾವು ಏನು ಹೇಳಿದೆವೋ ಅವು ಏನು ತಿಳಿದುಕೊಂಡವೋ 🐘

ಕಾಫಿಕಣ
ಮಾಡಿ ಮುಗಿಸಿದೆ. ಕುಶಾಲನಗರದಿಂದ 4 ಗೇಜ್ ತಾಮ್ರದ ವೈರ್, 60 ಆಂಪಿಯರ್ ಫ್ಯೂಸ್ ತಂದೆ. ಜಂಪರ್ ಕಿತ್ತೆ. ಒಂದು ಕಾಯಿಲ್ 3.5, ಇನ್ನೊಂದು 3.6. ಸೆಲ್ ಮುಟ್ಟಿಸಿ ಪೊಲಾರಿಟಿ ನೋಡಿದೆ. ಗೇನ್ ಎರಡೂ ಕಡೆ 26ಕ್ಕೆ. ಗುಬ್ಬಿ ಕಿವಿಯಷ್ಟು ತಿರುಗಿಸಿದ್ದಕ್ಕೇ ಬಂತು!

ನಾಪೋಕ್ಲಿನಿಂದ ವಿರಾಜಪೇಟೆ ತನಕ ಹಾಕಿಕೊಂಡು ಹೋದೆ. ಕೆಂಪು ಲೈಟ್ ಇಲ್ಲ. ಆ್ಯಂಪ್ ಬೆಚ್ಚಗಿದೆ, ಸುಡುವುದಿಲ್ಲ. ಬೇಸ್ ಹಳೇದಕ್ಕಿಂತ ಜಾಸ್ತಿ ಮಾತ್ರ ಅಲ್ಲ, ಬಿಗಿಯಾಗಿದೆ. ಬಾಗಿಲಿನ ಸೌಂಡ್ ಮಾತ್ರ ಬಡವಾಯಿತು. ಕೊಂಬು ಕೊಟ್ಟಿನ ವಾಲಗ (ನಮ್ಮ ಕೊಡಗಿನ ಕಹಳೆ, ಡೋಲಿನ ವಾದ್ಯ) ಹಾಕಿದರೆ ಕೊಂಬು ಹಿಂದೆ ಸರಿದ ಹಾಗೆ ಕೇಳಿಸುತ್ತದೆ.

ಬಾಣೆಮನೆ
ಸಬ್ ಲೆವೆಲ್ ಸ್ಟೀರಿಯೊದಲ್ಲಿ ಇಳಿಸಿ, ಬಾಗಿಲು ತಾನೇ ಮೇಲೆ ಬರುತ್ತದೆ. ವಾಲಗಕ್ಕೆ ಸಬ್ ಅಷ್ಟೊಂದು ಬೇಕಾಗಿಯೂ ಇಲ್ಲ.

ಮುಂದೆ ಮೊನೋ ತರುವಾಗ 2 ಓಮ್‌ಗೆ 500 ವ್ಯಾಟ್ ಆರ್‌ಎಂಎಸ್ ಎಂದು ಬರೆದದ್ದನ್ನೇ ತನ್ನಿ. 1 ಓಮ್‌ಗೆ 500 ಕೊಡುವುದು ನಿಮ್ಮ 2 ಓಮ್‌ಗೆ ಸುಮಾರು 300 ಕೊಡಬಹುದು ಅಷ್ಟೆ. ಸಿಇಎ 2006 ಎಂದು ಬರೆದಿದ್ದರೆ ಇನ್ನೂ ಒಳ್ಳೆಯದು. 14.4 ವೋಲ್ಟ್‌ನಲ್ಲಿ, ಡಿಸ್ಟಾರ್ಶನ್ 1 ಪರ್ಸೆಂಟ್ ಒಳಗೆ ಅಳೆದ ನಂಬರ್ ಅದು.

ಮಳೆಗಾಲ
ನಂಬರ್ ಪ್ಲೇಟ್ ಗಡಗಡ ಅನ್ನುತ್ತಿಲ್ಲವಾ? ಹಿಂದೆ ಫೋಮ್ ಟೇಪ್ ಅಂಟಿಸಿ.

ಕಾಫಿಕಣ
ಅನ್ನುತ್ತಿದೆ! ಇಂಜಿನ್ನೇ ಹೋಯಿತು ಅಂದುಕೊಂಡಿದ್ದೆ.

ಸಿದ್ದಾಪುರ ಜೀಪ್
ನಾನು ಹೊಸಬ. ನನ್ನ ಹತ್ತಿರ 2 ಓಮ್ ಎರಡು ಕಾಯಿಲ್‌ನ ಎರಡು ಸಬ್ ಇವೆ, ಒಂದೊಂದು 300 ವ್ಯಾಟ್. ಮೊನೋ ಆ್ಯಂಪ್ 2 ಓಮ್‌ಗೆ 600. ಎಲ್ಲಾ ಪ್ಯಾರಲಲ್ ಮಾಡಲಾ?

ಕುಶಾಲನಗರ ವೈರಿಂಗ್
ಬೇಡ ಬೇಡ! ಎಲ್ಲಾ ಪ್ಯಾರಲಲ್ ಅಂದರೆ ಅರ್ಧ ಓಮ್. ಒಂದೊಂದು ಸಬ್‌ನ ಎರಡು ಕಾಯಿಲ್ ಸೀರೀಸ್ ಮಾಡಿ, 4 ಓಮ್ ಆಗುತ್ತದೆ. ಆಮೇಲೆ ಆ ಎರಡು ಸಬ್ ಪ್ಯಾರಲಲ್, 2 ಓಮ್. ಆ್ಯಂಪ್‌ಗೆ ಹಚ್ಚುವ ಮೊದಲು ಮೀಟರ್ ಹಿಡಿಯಿರಿ. 1.7ರ ಸುತ್ತ ಬಂದರೆ ಹಚ್ಚಿ. ಅದರ ಅರ್ಧ ಬಂದರೆ ಇಲ್ಲಿ ಫೋಟೋ ಹಾಕಿ, ನೋಡೋಣ.

ಸಿದ್ದಾಪುರ ಜೀಪ್
ಮೀಟರ್ ಇಲ್ಲ. ನಾಳೆ ಪಕ್ಕದ ಮನೆ ಎಲೆಕ್ಟ್ರಿಷಿಯನ್ ಹತ್ತಿರ ಕೇಳುತ್ತೇನೆ.

ಜಿಪ್ಸಿ ಮಾವ
ಸಿದ್ದಾಪುರದವನಾ? ನನ್ನ ಹತ್ತಿರ ಎರಡು ಮೀಟರ್ ಇದೆ, ಒಂದು ತಗೊಂಡು ಹೋಗು. ಬರುವಾಗ ಆ ನಂಬರ್ ಪ್ಲೇಟ್ ಫೋಮ್ ಟೇಪ್ ಎಲ್ಲಿ ಸಿಗುತ್ತದೆ ವಿಚಾರಿಸಿಕೊಂಡು ಬಾ.